ಶಿವರಾತ್ರಿಗೇ ಶುರು ಮಾಡಿ, ಯುಗಾದಿವರೆಗೆ ಕಾಯಬೇಡಿ

ಹೋದ ವರ್ಷ ಯುಗಾದಿಯ ಹಿಂದಿನ ದಿನ, ಅಂದರೆ 2025ರ ಮಾರ್ಚ್ 29ರಂದು, ಅಮೆರಿಕದ ನಮ್ಮ ಅಟ್ಲಾಂಟಾದ ಗಾಳಿಯಲ್ಲಿ ಒಂದು ಘನ ಮೀಟರಿಗೆ 14,801 ಪರಾಗದ ಕಣಗಳಿದ್ದವು. ಇಲ್ಲಿ 1,500 ದಾಟಿದರೇ ವಿಪರೀತ ಅಂತ ಲೆಕ್ಕ. ಹಳೆಯ ದಾಖಲೆ 2012ರದ್ದು, 9,369. ಅದನ್ನು ಎಷ್ಟು ದೂರ ದಾಟಿಹೋಗಿದೆ ನೋಡಿ.

ಈ ಸಂಖ್ಯೆ ನನಗೆ ಗೊತ್ತಾಗಿದ್ದು ಆಮೇಲೆ. ಆವತ್ತು ಗೊತ್ತಿದ್ದದ್ದು ಕಣ್ಣು ಬಿಡೋಕೆ ಆಗ್ತಿಲ್ಲ ಅನ್ನೋದಷ್ಟೇ. ನನಗಿರೋದು ಪರಾಗದ ಅಲರ್ಜಿ.

ಹಾಸನದಿಂದ ಅಮ್ಮ ಬಂದಿದ್ದರು. ಹಬ್ಬದ ಬೆಳಿಗ್ಗೆ ರಂಗೋಲಿ ಹಾಕೋಕೆ ಬಾಗಿಲು ತೆಗೆದವರು ಅಲ್ಲೇ ನಿಂತರು. "ಯಾರೇ ಇದು, ಹೊಸಿಲಿಗೆಲ್ಲ ಅರಿಶಿನ ಚೆಲ್ಲಿರೋದು?" ಅಂದರು. ಮೆಟ್ಟಿಲು, ಕಾರು, ಮಗಳ ಸೈಕಲ್ಲಿನ ಸೀಟು, ಎಲ್ಲದರ ಮೇಲೂ ಹಳದಿ ಪುಡಿ. ಗುಡಿಸಿ, ತೊಳೆದು ರಂಗೋಲಿ ಹಾಕಿದರು. ಒಬ್ಬಟ್ಟು ಬೇಯಿಸಿ ಮುಗಿಸುವಷ್ಟರಲ್ಲಿ ಬಿಳಿ ಎಳೆಗಳ ಮೇಲೆ ಮತ್ತೆ ಹಳದಿ ಕೂತಿತ್ತು. ಹಿಂದಿನ ರಾತ್ರಿ ಕಟ್ಟಿದ್ದ ಮಾವಿನ ತೋರಣವನ್ನು ಒದ್ದೆ ಬಟ್ಟೆಯಲ್ಲಿ ಒಂದೊಂದೇ ಎಲೆ ಹಿಡಿದು ಒರೆಸಿದೆ. ಬಟ್ಟೆ ಹಳದಿಯಾಯಿತು.

ಬೇವು ಬೆಲ್ಲ ಕೊಟ್ಟರು. ಕಹಿ ಗೊತ್ತಾಯಿತು, ಸಿಹಿಯೂ ಗೊತ್ತಾಯಿತು, ನಾಲಿಗೆ ಕೆಲಸ ಮಾಡ್ತಿತ್ತಲ್ಲ. ಆದರೆ ಒಬ್ಬಟ್ಟಿನ ಮೇಲೆ ಬಿಸಿ ತುಪ್ಪ ಬಿದ್ದಾಗ ಏಳುವ ಆ ಘಮ ಬರಲೇ ಇಲ್ಲ. ಅಮ್ಮ ಅಷ್ಟು ದೂರದಿಂದ ಬಂದು ಮಾಡಿದ ಒಬ್ಬಟ್ಟು. ನನಗೆ ನಿಜವಾಗಿಯೂ ಅಳು ಬಂತು. ಕಣ್ಣಲ್ಲಿ ಹೇಗಿದ್ದರೂ ನೀರು ಸುರೀತಿತ್ತು, ಯಾರಿಗೂ ಗೊತ್ತಾಗಲಿಲ್ಲ.

"ಬರೀ ನೆಗಡಿಗೆ ಇಷ್ಟೊಂದು ಸುಸ್ತಾಗ್ತೀಯಲ್ಲ ಮಗಾ" ಅಂದರು ಅಮ್ಮ. ಪ್ರೀತಿಯಿಂದಲೇ ಅಂದಿದ್ದು. ಆದರೆ ಈ "ಬರೀ ನೆಗಡಿ" ಅನ್ನೋ ಮಾತಿನ ಬಗ್ಗೆಯೇ ಇವತ್ತು ಬರೀಬೇಕು ಅನ್ನಿಸಿದೆ. ಯಾಕೆಂದರೆ ನಾನೂ ಎಷ್ಟೋ ವರ್ಷ ನನಗೆ ನಾನೇ ಅದನ್ನೇ ಹೇಳಿಕೊಂಡಿದ್ದೆ.

ಇಲ್ಲಿಗೆ ಬಂದ ಮೊದಲ ಎರಡು ವಸಂತ ನನಗೆ ಏನೂ ಆಗಲಿಲ್ಲ. ಸಹೋದ್ಯೋಗಿಗಳು ಸೀನುತ್ತಿದ್ದರೆ ಪಾಪ ಅನ್ನಿಸುತ್ತಿತ್ತು. ಮೂರನೇ ವರ್ಷ ಶುರುವಾಯಿತು. ಹೊಸ ಊರಿಗೆ ಬಂದವರಲ್ಲಿ ಹೀಗಾಗುವುದು ಸಾಮಾನ್ಯವಂತೆ. ಅಲ್ಲಿನ ಮರದ ಪರಾಗವನ್ನು ನಮ್ಮ ಮೈ ಮೊದಲು ಗುರುತು ಹಿಡಿಯಬೇಕು, ಅದಕ್ಕೆ ಒಂದೆರಡು ವರ್ಷವೋ ಇನ್ನೂ ಜಾಸ್ತಿಯೋ ಬೇಕು. ಗುರುತು ಹಿಡಿದ ಮೇಲೆ ಅದನ್ನು ಶತ್ರು ಅಂತಲೇ ತಿಳಿಯುತ್ತದೆ. ಆಮೇಲೆ ಕಣ ಮೂಗಿಗೆ ತಾಗಿದ ಕೂಡಲೇ ಹಿಸ್ಟಮಿನ್ ಅನ್ನೋ ರಾಸಾಯನಿಕವನ್ನು ಮೈ ಸುರಿಸುತ್ತದೆ. ಸೀನು, ನವೆ, ನೀರು ಎಲ್ಲ ಅದರದ್ದೇ.

ನಾನು ಶುಂಠಿ, ಮೆಣಸು, ತುಳಸಿ ಹಾಕಿ ಕಷಾಯ ಕುಡಿದೆ. ಹಬೆ ತಗೊಂಡೆ. ಒಂದು ಕ್ಲಿನಿಕ್ಕಿನಲ್ಲಿ ಸೈನಸ್ ಸೋಂಕು ಅಂತ ಎರಡು ಸಲ ಆಂಟಿಬಯಾಟಿಕ್ ಕೊಟ್ಟರು. ಕಣ್ಣು ನವೆ ಆಗುತ್ತಾ, ಅಂಗುಳ ಕೆರೆಯುತ್ತಾ ಅಂತ ಒಬ್ಬರೂ ಕೇಳಲಿಲ್ಲ. ಈ ಎರಡು ಪ್ರಶ್ನೆ ಕೇಳಿದ್ದರೆ ಸಾಕಿತ್ತು. ನೆಗಡಿ ಒಂದು ವಾರ, ಹತ್ತು ದಿನದಲ್ಲಿ ಹೋಗುತ್ತದೆ, ಮೈಕೈ ನೋವೂ ಇರಬಹುದು. ಪರಾಗದ ಅಲರ್ಜಿ ವಾರಗಟ್ಟಲೆ ಇರುತ್ತದೆ, ಮೂಗಿಂದ ತಿಳಿನೀರು, ಕಣ್ಣಿನ ಮೂಲೆಯಲ್ಲಿ ಸಹಿಸಲಾರದ ನವೆ, ಜ್ವರ ಮಾತ್ರ ಇಲ್ಲ. ಹೆಸರು "ಹೇ ಫೀವರ್" ಅಂತಿದ್ದರೂ ಜ್ವರ ಇಲ್ಲ.

ಇನ್ನೊಂದು ತಪ್ಪು ತಿಳುವಳಿಕೆ ನನಗಿತ್ತು. ಹಳದಿ ಪುಡಿ ಕಂಡರೆ ಸಾಕು, ಬಾಗಿಲು ಹಾಕಿಕೊಳ್ಳುತ್ತಿದ್ದೆ. ಅದು ಹೋದಾಗ ಎಲ್ಲ ಮುಗಿಯಿತು ಅಂದುಕೊಂಡು ಕಿಟಕಿ ತೆಗೆಯುತ್ತಿದ್ದೆ. ಆ ಹಳದಿ ಬಹುಪಾಲು ಪೈನ್ ಮರದ್ದು. ಅದರ ಕಣ ದೊಡ್ಡದು, ಎರಡು ಪಕ್ಕ ಗಾಳಿಯ ಚೀಲ ಬೇರೆ ಇರುತ್ತದೆ. ಕಣ್ಣಿಗೆ ಕಾಣುತ್ತದೆ ನಿಜ, ಆದರೆ ಅಲರ್ಜಿ ತರುವುದು ಕಡಿಮೆ. ನಮ್ಮನ್ನು ಮಲಗಿಸುವುದು ಅದೇ ಹೊತ್ತಿಗೆ ಬಿಡುವ ಓಕ್, ಬರ್ಚ್, ಮಲ್ಬರಿಗಳ ಸಣ್ಣ ಕಣ. ಕಾರಿನ ಮೇಲೆ ಹಳದಿ ಇಲ್ಲ ಅಂದಮಾತ್ರಕ್ಕೆ ಗಾಳಿ ಶುದ್ಧ ಅಂತಲ್ಲ.

ಇದಕ್ಕೆಲ್ಲ ಪರಾಗವೇ ಕಾರಣ ಅಂತ ತೋರಿಸಿಕೊಟ್ಟವರು ಇಂಗ್ಲೆಂಡಿನ ಮ್ಯಾಂಚೆಸ್ಟರಿನ ಡಾಕ್ಟರು ಚಾರ್ಲ್ಸ್ ಬ್ಲ್ಯಾಕ್ಲಿ. ಅವರಿಗೇ ಈ ಕಾಯಿಲೆ ಇತ್ತು. ತಮ್ಮ ಮೂಗಿಗೆ, ಕಣ್ಣಿಗೆ ತಾವೇ ಪರಾಗ ಹಾಕಿಕೊಂಡು ನೋಡಿದರು. ಎತ್ತರದ ಗಾಳಿಯಲ್ಲಿ ಎಷ್ಟು ಪರಾಗ ಇದೆ ಅಂತ ತಿಳಿಯೋಕೆ ಗಾಳಿಪಟಕ್ಕೆ ಅಂಟು ಸವರಿದ ಗಾಜು ಕಟ್ಟಿ ಹಾರಿಸಿದರು. 1873ರಲ್ಲಿ ಪುಸ್ತಕ ಬರೆದರು. ಸೀನುತ್ತಾ ಕೂತು ಅಷ್ಟು ತಾಳ್ಮೆಯಿಂದ ಕೆಲಸ ಮಾಡಿದ ಆ ಮನುಷ್ಯನನ್ನು ನೆನೆದರೆ ನನಗೆ ಗೌರವ ಬರುತ್ತದೆ. ನೂರೈವತ್ತು ವರ್ಷದ ಹಿಂದೆ ಗೊತ್ತಾದ ವಿಷಯವನ್ನು ನಾವು ಇನ್ನೂ "ವಾತಾವರಣ ಬದಲಾಯ್ತಲ್ಲ, ಅದಕ್ಕೇ" ಅಂತ ತಳ್ಳಿಹಾಕ್ತಿದ್ದೀವಿ.

ಈಗ ಮುಖ್ಯ ವಿಷಯ. ಮೂಗಿಗೆ ಹಾಕುವ ಫ್ಲುಟಿಕಸೋನ್ ತರಹದ ಸ್ಪ್ರೇ ಇದೆಯಲ್ಲ, ಅದು ಹಾಕಿದ ತಕ್ಷಣ ಪೂರ್ತಿ ಕೆಲಸ ಮಾಡುವುದಿಲ್ಲ. ಹಲವು ದಿನ ಬೇಕು, ಕೆಲವರಿಗೆ ಎರಡು ವಾರ. ನಾವೇನು ಮಾಡ್ತೀವಿ? ಮೂಗು ಪೂರ್ತಿ ಕಟ್ಟಿದ ಮೇಲೆ ಅಂಗಡಿಗೆ ಓಡಿ ತರ್ತೀವಿ, ಎರಡು ದಿನ ಹಾಕಿ "ಇದೇನೂ ಪ್ರಯೋಜನ ಇಲ್ಲ" ಅಂತ ಬಿಸಾಡ್ತೀವಿ. ನಾನು ಹಾಗೆ ಮೂರು ಬಾಟಲಿ ಬಿಸಾಡಿದ್ದೇನೆ. ಮರ ಹೂ ಬಿಡುವ ಮೊದಲೇ ಶುರು ಮಾಡಬೇಕು. ನಮ್ಮೂರಲ್ಲಿ ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋಗುತ್ತೆ ಅಂತಾರಲ್ವಾ, ಇಲ್ಲಿ ಮರಗಳು ಏಳುವುದೂ ಹೆಚ್ಚುಕಮ್ಮಿ ಆಗಲೇ. ಹಾಗಾಗಿ ನನ್ನ ಲೆಕ್ಕ ಈಗ ಸುಲಭ. ಶಿವರಾತ್ರಿಗೆ ಸ್ಪ್ರೇ ಶುರು. ಈ ಸಲ ಅದು ಫೆಬ್ರವರಿ 15ಕ್ಕೆ, ಯುಗಾದಿ ಮಾರ್ಚ್ 19ಕ್ಕೆ. ನಡುವೆ ಒಂದು ತಿಂಗಳು ಸಿಗುತ್ತದೆ.

ಹಾಕುವ ರೀತಿಯನ್ನೂ ಯಾರೂ ಹೇಳಿಕೊಟ್ಟಿರಲಿಲ್ಲ. ತಲೆ ಹಿಂದಕ್ಕೆ ಎತ್ತಿ, ಮೂಗಿನ ನಡುಗೋಡೆಗೆ ನೇರ ಹೊಡೆದು, ಜೋರಾಗಿ ಎಳೆದುಕೊಳ್ಳುತ್ತಿದ್ದೆ. ಎಲ್ಲ ಗಂಟಲಿಗೆ ಇಳಿಯುತ್ತಿತ್ತು, ಮೂಗಲ್ಲಿ ರಕ್ತ ಬರುತ್ತಿತ್ತು. ತಲೆ ಸ್ವಲ್ಪ ಮುಂದಕ್ಕೆ ಬಗ್ಗಿಸಬೇಕು. ಬಲ ಮೂಗಿಗೆ ಎಡಗೈ, ಎಡ ಮೂಗಿಗೆ ಬಲಗೈ. ಆಗ ತುದಿ ತಾನಾಗೇ ಆ ಕಡೆಯ ಕಿವಿಯತ್ತ ತಿರುಗುತ್ತದೆ. ಮೆಲ್ಲಗೆ ಉಸಿರು ತಗೊಂಡರೆ ಸಾಕು. ಇದನ್ನು ಕಲಿತ ಮೇಲೆ ಅದೇ ಔಷಧಿ ಬೇರೆಯದೇ ಔಷಧಿ ಅನ್ನಿಸಿತು.

ಅಲರ್ಜಿ ಮಾತ್ರೆಗಳಲ್ಲಿ ತುಂಬ ಮಂಪರು ತರುವ ಹಳೆಯ ಡೈಫೆನ್‌ಹೈಡ್ರಮಿನ್ ಬಗ್ಗೆ ಎಚ್ಚರ. ರಾತ್ರಿ ತಗೊಂಡು ಬೆಳಿಗ್ಗೆ 400 ಹೈವೇಯಲ್ಲಿ ಹೋಗುವಾಗ ನನ್ನ ಕಾರು ಪಕ್ಕದ ಲೇನಿಗೆ ಜಾರಿತು. ಹಿಂದಿನವರು ಹಾರ್ನ್ ಹೊಡೆದಿದ್ದಕ್ಕೆ ಎಚ್ಚರವಾಯಿತು. ಮಗಳು ಹಿಂದಿನ ಸೀಟಲ್ಲಿದ್ದಳು. ಆಮೇಲೆ ಅದನ್ನು ಮುಟ್ಟಿಲ್ಲ. ಫೆಕ್ಸೊಫೆನಡಿನ್ ಮಂಪರು ತರುವುದು ತುಂಬ ಕಡಿಮೆ, ಆದರೆ ಅದನ್ನು ಕಿತ್ತಳೆ, ಸೇಬಿನ ಜ್ಯೂಸ್ ಜೊತೆ ತಗೋಬೇಡಿ, ಮೈಗೆ ಸರಿಯಾಗಿ ಹತ್ತುವುದಿಲ್ಲ. ನೀರೇ ಸಾಕು. ಮೂಗು ತಕ್ಷಣ ಬಿಡಿಸುವ ಆಕ್ಸಿಮೆಟಜೊಲಿನ್ ಹನಿಗಳನ್ನು ಮೂರು ದಿನಕ್ಕಿಂತ ಜಾಸ್ತಿ ಹಾಕಿದರೆ ಮೂಗು ಮೊದಲಿಗಿಂತ ಗಟ್ಟಿಯಾಗಿ ಕಟ್ಟುತ್ತದೆ.

ಮೂಗಿಗೆ ನೀರು ಬಿಟ್ಟು ತೊಳೆಯುವ ಜಲನೇತಿ ನಮ್ಮದೇ ವಿದ್ಯೆ, ನಿಜವಾಗಿಯೂ ಹಾಯಾಗುತ್ತದೆ. ಆದರೆ ನಲ್ಲಿ ನೀರು ಖಂಡಿತ ಬೇಡ. 2011ರಲ್ಲಿ ಲೂಸಿಯಾನಾದಲ್ಲಿ ಇಬ್ಬರು ಹಾಗೆ ಮೂಗು ತೊಳೆದು, ನೀರಲ್ಲಿದ್ದ ಅಮೀಬಾ ಮೆದುಳಿಗೆ ಸೇರಿ ತೀರಿಕೊಂಡರು. ಕುದಿಸಿ ಆರಿಸಿದ ನೀರು, ಇಲ್ಲವೇ ಡಿಸ್ಟಿಲ್ಡ್ ನೀರು.

ನನ್ನ ಒಂಬತ್ತು ವರ್ಷದ ಮಗಳಿಗೂ ಇದೇ ಕಾಟ. ಅವಳದು ಸೊಂಟದವರೆಗಿನ ಜಡೆ, ಎಣ್ಣೆ ಹಚ್ಚಿದ ಕೂದಲು. ಮೈದಾನದಿಂದ ಬಂದು ಹಾಗೇ ಮಲಗಿದರೆ ಆ ಪರಾಗವೆಲ್ಲ ದಿಂಬಿಗೆ, ದಿಂಬಿಂದ ಮೂಗಿಗೆ. ಒಂದು ಸಂಜೆ ಅವಳ ಜಡೆ ಬಿಚ್ಚಿ ಬಿಳಿ ಟವೆಲಿನ ಮೇಲೆ ಬಾಚಿದೆ. ಟವೆಲಿನ ಮೇಲೆ ಹಳದಿ ಗೆರೆ ಬಿತ್ತು. ಈಗ ಮಾರ್ಚ್, ಏಪ್ರಿಲ್‌ನಲ್ಲಿ ಸಂಜೆಯೇ ತಲೆಸ್ನಾನ, ಎಣ್ಣೆ ಬಂದ್. ಬಟ್ಟೆಯನ್ನೂ ಬಿಸಿಲಿಗೆ ಹಾಕುವುದಿಲ್ಲ, ಎಷ್ಟು ಆಸೆಯಾದರೂ. ಪೂಜೆಗೆ ಊದುಬತ್ತಿ ಇಲ್ಲ, ದೀಪ ಮಾತ್ರ. ಹಸಿ ಸೇಬು ತಿಂದರೆ ಬಾಯಿ ಜುಮ್ ಅನ್ನುತ್ತೆ ಅಂತ ಅವಳು ಹೇಳುತ್ತಿದ್ದಳು. ತಿನ್ನೋಕೆ ಸೋಮಾರಿತನ ಅಂತ ಗದರಿಸಿದ್ದೆ. ಬರ್ಚ್ ಪರಾಗದಲ್ಲಿರುವ ಪ್ರೋಟೀನಿನ ಥರದ್ದೇ ಸೇಬಿನಲ್ಲೂ ಇದೆಯಂತೆ. ಬೇಯಿಸಿ ಕೊಟ್ಟರೆ ಏನೂ ಆಗುವುದಿಲ್ಲ. ಗದರಿಸಿದ್ದಕ್ಕೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಮಕ್ಕಳಾಗಲಿ ದೊಡ್ಡವರಾಗಲಿ, ಎದೆ ಬಿಗಿದರೆ, ಉಸಿರಲ್ಲಿ ಸುಂಯ್ ಅನ್ನುವ ಸದ್ದು ಬಂದರೆ ಮನೆಮದ್ದು ಬಿಟ್ಟು ನೇರ ಡಾಕ್ಟರ ಹತ್ತಿರ ಹೋಗಿ.

ಹೋದ ಮೇ ತಿಂಗಳಲ್ಲಿ ಕೊನೆಗೂ ಚರ್ಮದ ಪರೀಕ್ಷೆ ಮಾಡಿಸಿದೆ. ಅಮ್ಮನೂ ಜೊತೆಗೆ ಬಂದಿದ್ದರು. ಮುಂಗೈಯಲ್ಲಿ ಒಂದೊಂದು ಪರಾಗದ ಸಾರ ಹಾಕಿ ಸಾಲಾಗಿ ಚುಚ್ಚಿದರು. ಹದಿನೈದು ನಿಮಿಷದಲ್ಲಿ ಓಕ್ ಚುಚ್ಚಿದ ಕಡೆ ದೊಡ್ಡ ಸೊಳ್ಳೆ ಕಚ್ಚಿದ ಹಾಗೆ ಉಬ್ಬಿತು, ಬರ್ಚ್ ಕಡೆಯೂ. ಆಗಸ್ಟಿನಲ್ಲಿ ಹೂ ಬಿಡುವ ರ‍್ಯಾಗ್‌ವೀಡ್ ಕಡೆಯೂ ಉಬ್ಬಿತು. ಅದು ನಮ್ಮ ಕಾಂಗ್ರೆಸ್ ಗಿಡದ ಕುಟುಂಬದ್ದೇ, ಒಂದು ಆಗದವರಿಗೆ ಇನ್ನೊಂದೂ ಆಗದಿರಬಹುದು ಅಂದರು ಡಾಕ್ಟರು. ಹಾಸನದಲ್ಲಿ ನಮ್ಮ ಮನೆ ಪಕ್ಕದ ಖಾಲಿ ಸೈಟಿನ ತುಂಬ ಎದೆಯೆತ್ತರ ಕಾಂಗ್ರೆಸ್ ಗಿಡ ಇತ್ತು. ಅದರೊಳಗೆ ನುಗ್ಗಿ ಆಡಿಕೊಂಡೇ ಬೆಳೆದವಳು ನಾನು. ಅಮ್ಮ ನನ್ನ ಕೈ ಹಿಡಿದುಕೊಂಡು ಆ ಗುಳ್ಳೆಗಳನ್ನು ನೋಡ್ತಾ ಇದ್ದರು, ತುಂಬ ಹೊತ್ತು ಮಾತಾಡಲಿಲ್ಲ.

ಈಗ ಅಲರ್ಜಿ ಇಂಜೆಕ್ಷನ್ ತಗೊಳ್ತಿದ್ದೇನೆ. ಮೊದಲು ಪ್ರತಿ ವಾರ, ಆಮೇಲೆ ತಿಂಗಳಿಗೊಂದು, ಒಟ್ಟು ಮೂರರಿಂದ ಐದು ವರ್ಷ. ಪ್ರತಿ ಸಲ ಚುಚ್ಚಿಸಿಕೊಂಡ ಮೇಲೆ ಅರ್ಧ ಗಂಟೆ ಅಲ್ಲೇ ಕೂರಬೇಕು. ಎಲ್ಲರಿಗೂ ಇದು ಬೇಕಾಗಿಲ್ಲ, ಎಲ್ಲರಿಗೂ ಬಿಡುವೂ ಇರುವುದಿಲ್ಲ. ಸ್ಪ್ರೇ, ಮಾತ್ರೆಗೆ ಬಗ್ಗದವರು ಒಮ್ಮೆ ಕೇಳಿ ನೋಡಿ.

ನಿನ್ನೆ ಅಮ್ಮ ಫೋನ್ ಮಾಡಿದ್ದರು. ಶಿವರಾತ್ರಿ ಉಪವಾಸದ ಮಾತಾಯಿತು. ಆಮೇಲೆ ಕೇಳಿದರು: "ಸ್ಪ್ರೇ ತಂದಿಟ್ಟಿದ್ದೀಯೇನೇ? ಮಗೂಗೂ ತುದಿ ಕಿವಿ ಕಡೆಗೆ ಇಟ್ಟು ಹಾಕೋದು ಹೇಳಿಕೊಡು."