ಸೋಪು ಹಚ್ಚಿಕೊಂಡ ಅಲ್ಯೂಮಿನಿಯಂ

ಬಾಲ್ಕನಿಯಲ್ಲಿ ನಾಲ್ಕು ಹೂಕುಂಡ ತೂಗುಹಾಕಲು ಕೊಕ್ಕೆ ಬೇಕಿತ್ತು. ಅಂಗಡಿಯಲ್ಲಿ ಸಿಗುವುದಿಲ್ಲ ಅಂತಲ್ಲ. ಆದರೆ ಮನೆಯಲ್ಲಿ ಬೆಂಚ್ ವೈಸ್ (ಲೋಹದ ತುಂಡನ್ನು ಬಿಗಿಯಾಗಿ ಕಚ್ಚಿ ಹಿಡಿಯುವ ಸಾಧನ) ಇಟ್ಟುಕೊಂಡವನು ಕೊಕ್ಕೆ ಕೊಂಡು ತಂದರೆ ಮರ್ಯಾದೆ ಏನಾಗಬೇಕು, ಅಲ್ವಾ? ಬೆಂಗಳೂರಿನ ಎಸ್.ಪಿ. ರೋಡ್ ಹತ್ತಿರದ ಒಂದು ಗಲ್ಲಿಗೆ ಹೋಗಿ 25 ಎಂಎಂ ಅಗಲ, 6 ಎಂಎಂ ದಪ್ಪದ ಅಲ್ಯೂಮಿನಿಯಂ ಪಟ್ಟಿ ತಂದೆ. ಅಂಗಡಿಯವರು ತೂಕಕ್ಕಿಡುತ್ತಾ "ಅರವತ್ತು ಅರವತ್ತೊಂದು ಸಾರ್, ಗಟ್ಟಿ ಮಾಲು" ಅಂದರು. ಗಟ್ಟಿ ಅಂದಮೇಲೆ ಒಳ್ಳೆಯದೇ ಅಂದುಕೊಂಡೆ. ಎಡವಿದ್ದು ಅಲ್ಲೇ.

ನನ್ನ ತಲೆಯಲ್ಲಿ ಅಲ್ಯೂಮಿನಿಯಂ ಅಂದರೆ ಅಮ್ಮನ ಹಳೇ ಪಾತ್ರೆ. ಕೈಜಾರಿ ಬಿದ್ದರೆ ಸಾಕು, ಸೊಟ್ಟಗಾಗುತ್ತಿತ್ತು. ಇದೂ ಹಾಗೇ ಬಗ್ಗುತ್ತದೆ ಅಂತ ಮೊಳೆಯಲ್ಲಿ ಗೀರಿ ಗುರುತು ಮಾಡಿ, ವೈಸಿಗೆ ಸಿಕ್ಕಿಸಿ, ಸುತ್ತಿಗೆಯಲ್ಲಿ ಬಡಿದೆ. ಅರ್ಧ ಬಗ್ಗುವಷ್ಟರಲ್ಲಿ ಹೊರಮೈ ತರಿತರಿಯಾಯಿತು, ಆಮೇಲೆ ಚಳಿಗಾಲದ ಹಿಮ್ಮಡಿಯ ಹಾಗೆ ಬಿರುಕು ಬಿಟ್ಟಿತು, ಇನ್ನೊಂದೇಟಿಗೆ ಟಕ್ ಅಂತ ಎರಡು ತುಂಡು. ಮುರಿದದ್ದು ಸರಿಯಾಗಿ ನಾನು ಗೀರಿದ ಗೆರೆಯ ಮೇಲೆಯೇ. ಬಿರುಕಿಗೆ ದಾರಿ ತೋರಿಸಿಕೊಟ್ಟವನು ನಾನೇ. ಈಗ ಮಾರ್ಕರ್ ಪೆನ್ನಿನಲ್ಲಿ ಗುರುತು ಹಾಕುತ್ತೇನೆ.

ಅಂಗಡಿಯವರು ಹೇಳಿದ ಅರವತ್ತು ಅರವತ್ತೊಂದು ಅಂದರೆ 6061, ಒಂದು ಬಗೆಯ ಅಲ್ಯೂಮಿನಿಯಂ ಮಿಶ್ರಲೋಹದ ನಂಬರು. ಅದರಲ್ಲಿ ಚೂರು ಮೆಗ್ನೀಷಿಯಂ, ಚೂರು ಸಿಲಿಕಾನ್ ಬೆರೆತಿರುತ್ತದೆ. ನಂಬರಿನ ಪಕ್ಕ ಟಿ6 ಅಂತ ಬರೆದಿದ್ದರೆ, ಅದನ್ನು 530 ಡಿಗ್ರಿ ಆಸುಪಾಸಿಗೆ ಕಾಯಿಸಿ, ನೀರಿಗೆ ಅದ್ದಿ, ಮತ್ತೆ ಹದವಾದ ಬಿಸಿಯಲ್ಲಿ ಗಂಟೆಗಟ್ಟಲೆ ಇಟ್ಟು ಗಡಸು ಮಾಡಿದ್ದಾರೆ ಅಂತ ಅರ್ಥ. ಹೀಗೆ ಇಟ್ಟರೆ ಗಡಸಾಗುವ ಗುಣ ತಿಳಿದದ್ದು ಜರ್ಮನಿಯ ಆಲ್ಫ್ರೆಡ್ ವಿಲ್ಮ್‌ಗೆ, 1906ರಲ್ಲಿ. ಅವರದ್ದು ತಾಮ್ರ ಬೆರೆತ ಬೇರೆ ಮಿಶ್ರಲೋಹ. ಕಾಯಿಸಿ ಅದ್ದಿದ ತುಂಡನ್ನು ಸುಮ್ನೆ ಬಿಟ್ಟು ಒಂದೆರಡು ದಿನದ ಮೇಲೆ ನೋಡಿದರೆ ಅದು ಮೊದಲಿಗಿಂತ ಗಡಸಾಗಿತ್ತು. ನಾನು ಸುಮ್ನೆ ಬಿಟ್ಟ ಯಾವ ಕೆಲಸವೂ ಈವರೆಗೆ ಹೀಗೆ ಸುಧಾರಿಸಿದ್ದಿಲ್ಲ.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅನ್ನುತ್ತಾರಲ್ಲ, ಆ ಗಾದೆ ಇಲ್ಲಿ ನಡೆಯುವುದಿಲ್ಲ. ಈ ಮರವನ್ನು ಮತ್ತೆ ಗಿಡ ಮಾಡಬಹುದು, 400 ಡಿಗ್ರಿ ಹತ್ತಿರಕ್ಕೆ ಕಾಯಿಸಿದರೆ ಆಯಿತು. ಆದರೆ 400 ಅಂತ ತಿಳಿಯುವುದು ಹೇಗೆ? ಕಬ್ಬಿಣ ಪಾಪ, ಕಾದರೆ ಕೆಂಪಾಗಿ ಹೇಳಿಬಿಡುತ್ತದೆ. ಅಲ್ಯೂಮಿನಿಯಂ ಬಾಯೇ ಬಿಡುವುದಿಲ್ಲ. ತಣ್ಣಗಿದ್ದಾಗಲೂ ಅದೇ ಬೆಳ್ಳಿ ಮುಖ, ಸುಡುವಾಗಲೂ ಅದೇ. ನೋಡ್ತಾ ನೋಡ್ತಾ ಕುಸಿದು ಬಿದ್ದಾಗಲೇ ಜಾಸ್ತಿಯಾಯಿತು ಅಂತ ಗೊತ್ತಾಗುವುದು. ಅಪ್ಪಟ ಅಲ್ಯೂಮಿನಿಯಂ 660ಕ್ಕೆ ಕರಗುತ್ತದೆ, ಈ 6061 ಇನ್ನೂ ಮೊದಲೇ, 580ರ ಸುತ್ತ ಕರಗಲು ಶುರು. ಆರಿರಬೇಕು ಅಂತ ಒಂದು ತುಂಡನ್ನು ಎರಡು ಬೆರಳಲ್ಲಿ ಎತ್ತಿಕೊಂಡ ನೆನಪು ನನಗಿನ್ನೂ ಇದೆ, ಬೆರಳಿಗೂ ಇದೆ.

ಇದಕ್ಕೆ ಹಳೇ ಕೆಲಸಗಾರರ ಉಪಾಯ ಸೋಪು. ಬಗ್ಗಿಸುವ ಜಾಗಕ್ಕೆ ಸೋಪು ಉಜ್ಜಬೇಕು, ಗ್ಯಾಸ್ ಟಾರ್ಚನ್ನು ಒಂದೇ ಕಡೆ ನಿಲ್ಲಿಸದೆ ಆಡಿಸುತ್ತಾ ಕಾಯಿಸಬೇಕು. ಸೋಪು ಕಂದಾಗಿ, ಆಮೇಲೆ ಕಪ್ಪಾಯಿತು ಅಂದರೆ ಸಾಕು, ಉರಿ ತೆಗೆಯಬೇಕು. ಹಿತ್ತಲಲ್ಲಿ ಹೀಗೆ ಕೂತಿದ್ದಾಗ ಅಮ್ಮ ಬಂದು "ಏನೋ ಇದು, ಗಂಧದ ವಾಸನೆ?" ಅಂದಳು. ಮೈಸೂರು ಸ್ಯಾಂಡಲ್, ಅದೂ ಆವತ್ತೇ ಬಿಚ್ಚಿದ್ದು. ಬಟ್ಟೆ ಸೋಪೂ ಆಗುತ್ತದೆ ಅಂತ ನನಗೆ ಗೊತ್ತಿತ್ತು, ಕೈಗೆ ಸಿಕ್ಕಿದ್ದು ಅದು.

ಆರಿದ ಮೇಲೆ, ಒಂದು ಪೈಪ್ ತುಂಡಿಗೆ ಒರಗಿಸಿ ಕೈಯಲ್ಲೇ ಒತ್ತಿದೆ. ಹೇಳಿದ ಹಾಗೆ ಕೇಳಿತು! 90 ಡಿಗ್ರಿಗೆ ತಂದು ಬಿಟ್ಟರೆ ಚೂರು ಹಿಂದಕ್ಕೆ ಹೋಗುತ್ತದೆ, ಅದಕ್ಕೆ ಒಂದೆರಡು ಡಿಗ್ರಿ ಜಾಸ್ತಿಯೇ ಬಗ್ಗಿಸಬೇಕು. ಬಗ್ಗಿಸಿದ ಜಾಗ ಮೊದಲಿನಷ್ಟು ಗಟ್ಟಿ ಉಳಿಯುವುದಿಲ್ಲ. ಹೂಕುಂಡಕ್ಕೆ ಪರವಾಗಿಲ್ಲ, ಸೈಕಲ್ ಭಾಗಕ್ಕೆ ಈ ಆಟ ಬೇಡ.

ನಾಲ್ಕೂ ಕೊಕ್ಕೆ ಗೋಡೆಯಲ್ಲಿವೆ, ಒಂದು ಸ್ವಲ್ಪ ವಾರೆ. ಬಚ್ಚಲಿಗೆ ಹೊಸ ಸೋಪು ಇಡುವಾಗಲೆಲ್ಲ ಅಮ್ಮ ಈಗ ನನ್ನ ರೂಮಿನ ಕಡೆ ತಿರುಗಿ ಕೂಗುತ್ತಾಳೆ: "ಇದು ಮೈಗೇನೋ, ನಿನ್ನ ಪಟ್ಟಿಗೇನೋ?"