ಡೆಟ್ರಾಯ್ಟ್‌ನ ಏಪ್ರಿಲ್ ಜಗಳ, ನಮ್ಮ ಐಪಿಎಲ್ ಹರಾಜು

ಏಪ್ರಿಲ್ ಬಂತು ಅಂದರೆ ಡೆಟ್ರಾಯ್ಟ್ ಸುತ್ತಮುತ್ತ ಒಂದೇ ಮಾತು. ಕಾಲೇಜು ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ, ಊರಿನ ಅಮೆರಿಕನ್ ಫುಟ್‌ಬಾಲ್ ತಂಡ ಲಯನ್ಸ್ ಈ ಸಲ ಯಾರನ್ನು ಆರಿಸಬೇಕು? ಆಫೀಸಿನ ಕ್ಯಾಂಟೀನು, ಕಟಿಂಗ್ ಶಾಪು, ಕನ್ನಡ ಕೂಟದ ಯುಗಾದಿ ಊಟ, ಎಲ್ಲಿ ಹೋದರೂ ಇದೇ. ಫುಟ್‌ಬಾಲ್ ಸೀಸನ್ ಶುರುವಾಗುವುದು ಸೆಪ್ಟೆಂಬರ್‌ನಲ್ಲಿ. ಆದರೂ ವಸಂತ ಕಾಲದಲ್ಲಿ ಈ ಊರಿನ ಜನ, ಇನ್ನೂ ಕಾಲೇಜು ತಂಡದ ಜೆರ್ಸಿ ಬಿಚ್ಚದ ಹುಡುಗರ ಹೆಸರು ಹಿಡಿದು ಗಂಟೆಗಟ್ಟಲೆ ವಾದ ಮಾಡುತ್ತಾರೆ. ಆ ವಾದದಲ್ಲಿ ನಾನೂ ಇದ್ದೇನೆ, ಮನಸ್ಸಿಟ್ಟು ಇದ್ದೇನೆ.

ಈ ವಾದಗಳನ್ನು ಐಪಿಎಲ್ ಹರಾಜಿನ ಹೊತ್ತಿಗೆ ನಾವು ಮಾಡುವ ವಾದಗಳ ಪಕ್ಕದಲ್ಲಿಟ್ಟು ನೋಡಿದಾಗ ಒಂದು ವಿಷಯ ನನ್ನ ಮನಸ್ಸಿನಲ್ಲಿ ಗಟ್ಟಿಯಾಗಿದೆ. ತಂಡದಲ್ಲಿ ಯಾವ ಜಾಗ ಖಾಲಿ ಇದೆ ಅಂತ ನೋಡಿ ಹುಡುಗನನ್ನು ಆರಿಸಬಾರದು. ಇರುವವರಲ್ಲಿ ಒಳ್ಳೆಯ ಆಟಗಾರ ಯಾರೋ ಅವನನ್ನೇ ಆರಿಸಬೇಕು. ಆಮೇಲೆ ಅವನನ್ನು ಕೈಬಿಡದೆ ಬೆಳೆಸಬೇಕು. ಮೊದಲನೆಯದು ಎರಡೂ ಕಡೆ ಕಷ್ಟವೇ. ಎರಡನೆಯದಕ್ಕೆ ಇಲ್ಲಿ ದಾರಿ ಇದೆ, ನಮ್ಮಲ್ಲಿ ಇಲ್ಲ.

ಗೊತ್ತಿಲ್ಲದವರಿಗೆ ಪದ್ಧತಿ ಹೇಳಿಬಿಡುತ್ತೇನೆ. ಅಮೆರಿಕನ್ ಫುಟ್‌ಬಾಲ್‌ನ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ 32 ತಂಡಗಳು, ಡ್ರಾಫ್ಟ್‌ನಲ್ಲಿ 7 ಸುತ್ತು. ಹಿಂದಿನ ಸೀಸನ್‌ನಲ್ಲಿ ಎಲ್ಲರಿಗಿಂತ ಕೆಟ್ಟದಾಗಿ ಆಡಿದ ತಂಡಕ್ಕೆ ಮೊದಲ ಆಯ್ಕೆ, ಕಪ್ ಗೆದ್ದವರಿಗೆ ಕೊನೆಯದು. ಫಿಲಡೆಲ್ಫಿಯಾ ತಂಡದ ಮಾಲೀಕ ಬರ್ಟ್ ಬೆಲ್ ತಂದ ಯೋಚನೆ ಇದು, ಮೊದಲ ಡ್ರಾಫ್ಟ್ ನಡೆದದ್ದು 1936ರಲ್ಲಿ. ಬಲವಾದ ತಂಡಗಳೇ ಒಳ್ಳೆಯ ಹುಡುಗರನ್ನೆಲ್ಲ ಬಾಚಿಕೊಳ್ಳುತ್ತಿದ್ದವು, ಅದನ್ನು ತಡೆಯಬೇಕಿತ್ತು. ಇಲ್ಲಿ ಯಾರೂ ಕೂಗಿ ಬೆಲೆ ಏರಿಸುವುದಿಲ್ಲ. ಹುಡುಗ ಎಷ್ಟನೆಯವನಾಗಿ ಆಯ್ಕೆಯಾದ ಎನ್ನುವುದರ ಮೇಲೆ ಅವನ ಸಂಬಳ ಹೆಚ್ಚುಕಡಿಮೆ ನಿಗದಿಯಾಗಿರುತ್ತದೆ. 2010ರಲ್ಲಿ ಮೊದಲನೆಯವನಾಗಿ ಆಯ್ಕೆಯಾದ ಸ್ಯಾಮ್ ಬ್ರಾಡ್‌ಫರ್ಡ್‌ಗೆ ಒಂದೂ ಪಂದ್ಯ ಆಡುವ ಮೊದಲೇ 5 ಕೋಟಿ ಡಾಲರ್ ಖಾತರಿಯಾಗಿತ್ತು. ಮರುವರ್ಷವೇ ನಿಯಮ ಬದಲಾಯಿತು. 2011ರಲ್ಲಿ ಮೊದಲನೆಯವನಾದ ಕ್ಯಾಮ್ ನ್ಯೂಟನ್‌ಗೆ ಸಿಕ್ಕಿದ್ದು 4 ವರ್ಷಕ್ಕೆ ಸುಮಾರು 2.2 ಕೋಟಿ ಡಾಲರ್. ಹಾಗಾಗಿ ಈಗ "ಇವನಿಗೆ ಇಷ್ಟು ದುಡ್ಡಾ?" ಎನ್ನುವ ಜಗಳ ಡ್ರಾಫ್ಟ್‌ನಲ್ಲಿ ಇಲ್ಲ. ಮಾತೆಲ್ಲ ಆಟದ ಮೇಲೆ, ಹುಡುಗನ ಮೇಲೆ.

ನಮ್ಮ ಪಕ್ಕದ ಮನೆಯವರು ಕಾರ್ ಕಾರ್ಖಾನೆಯಲ್ಲಿ ದುಡಿದು ರಿಟೈರ್ ಆದವರು. ಅವರ ಗ್ಯಾರೇಜಿನ ಫ್ರಿಜ್ ಮೇಲೆ ಫೆಬ್ರವರಿಯಿಂದಲೇ ಒಂದು ದೊಡ್ಡ ಹಾಳೆ ಅಂಟಿರುತ್ತದೆ. ಪೆನ್ಸಿಲ್‌ನಲ್ಲಿ ಹೆಸರುಗಳು, ಎದುರಿಗೆ ಕಾಲೇಜು, ಎತ್ತರ, ತೂಕ. ಇಂಡಿಯಾನಾಪೊಲಿಸ್‌ನಲ್ಲಿ ಹುಡುಗರನ್ನೆಲ್ಲ ಸೇರಿಸಿ ಓಡಿಸಿ, ಜಿಗಿಸಿ, ಭಾರ ಎತ್ತಿಸಿ ನೋಡುತ್ತಾರಲ್ಲ, ಆ ವಾರ ಮುಗಿದ ಮೇಲೆ 40 ಗಜದ ಓಟದ ಟೈಮೂ ಹಾಳೆಗೆ ಸೇರುತ್ತದೆ. ಒಂದು ಹೆಸರನ್ನು ರಬ್ಬರ್‌ನಲ್ಲಿ ಒರೆಸಿ ಮೇಲಕ್ಕೋ ಕೆಳಕ್ಕೋ ಹಾಕುವ ಮೊದಲು ಅವರು ಆ ಹುಡುಗನ ಕಾಲೇಜು ಪಂದ್ಯಗಳನ್ನು ಮತ್ತೊಮ್ಮೆ ನೋಡುತ್ತಾರೆ. ಅವರ ಪ್ರಕಾರ ಮೊದಲ ಸುತ್ತಿನಲ್ಲಿ ಚೆಂಡು ಹಿಡಿದು ಓಡುವವನನ್ನು, ಅಂದರೆ ರನ್ನಿಂಗ್ ಬ್ಯಾಕ್‌ನನ್ನು, ತಗೊಳ್ಳಲೇಬಾರದು. "ಅವರ ಕಾಲು ನಾಲ್ಕು ವರ್ಷಕ್ಕೆ ಸವೆದು ಹೋಗುತ್ತೆ. ಅಂಥವರು ಮೂರನೇ ಸುತ್ತಿನಲ್ಲೂ ಸಿಗ್ತಾರೆ" ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ನಮ್ಮಿಬ್ಬರ ಜಗಳ ಶುರುವಾಗುವುದೇ ಅಲ್ಲಿ.

ನಾನು ಯಾಕೆ ಒಪ್ಪುವುದಿಲ್ಲ ಎನ್ನುವುದಕ್ಕೆ ಲಯನ್ಸ್‌ನ 2023ರ ಡ್ರಾಫ್ಟ್ ನೋಡಿ. ಜನರಲ್ ಮ್ಯಾನೇಜರ್ ಬ್ರ್ಯಾಡ್ ಹೋಮ್ಸ್ ಕೈಯಲ್ಲಿ 6ನೇ ಆಯ್ಕೆ ಇತ್ತು. ಎದುರಾಳಿಯ ಪಾಸ್ ತಡೆಯುವ ಕಾರ್ನರ್‌ಬ್ಯಾಕ್ ಬೇಕು ಅಂತ ಊರೆಲ್ಲ ಕೂಗುತ್ತಿತ್ತು. ಅವರು 6ನೆಯದನ್ನು ಅರಿಜೋನಾಗೆ ಕೊಟ್ಟು 12ಕ್ಕೆ ಇಳಿದರು, ಬದಲಿಗೆ 34ನೇ ಆಯ್ಕೆಯನ್ನೂ ಪಡೆದರು. 12ರಲ್ಲಿ ಅಲಬಾಮಾ ಯೂನಿವರ್ಸಿಟಿಯ ಜಮೀರ್ ಗಿಬ್ಸ್. ಅವನು ರನ್ನಿಂಗ್ ಬ್ಯಾಕ್! ಅದೇ ಮಾರ್ಚ್‌ನಲ್ಲಿ ಡೇವಿಡ್ ಮಾಂಟ್‌ಗೊಮೆರಿ ಎಂಬ ರನ್ನಿಂಗ್ ಬ್ಯಾಕ್‌ನನ್ನು ತಂಡ ಆಗಲೇ ತಂದಿತ್ತು. 18ರಲ್ಲಿ ಐಯೋವಾದ ಜ್ಯಾಕ್ ಕ್ಯಾಂಪ್‌ಬೆಲ್, ರಕ್ಷಣೆಯ ಮೊದಲ ಸಾಲಿನ ಹಿಂದೆ ನಿಲ್ಲುವ ಲೈನ್‌ಬ್ಯಾಕರ್. ಅದೂ ಮೊದಲ ಸುತ್ತಿಗೆ ತಕ್ಕ ಜಾಗವಲ್ಲ ಅಂತ ಟೀವಿ ಪಂಡಿತರು ಕಡಿಮೆ ಮಾರ್ಕ್ಸ್ ಕೊಟ್ಟರು. 34ರಲ್ಲಿ ಸ್ಯಾಮ್ ಲಪೋರ್ಟಾ, 45ರಲ್ಲಿ ಬ್ರಯಾನ್ ಬ್ರ್ಯಾಂಚ್.

ಆಮೇಲೆ ಏನಾಯ್ತು? ಲಪೋರ್ಟಾ ಮೊದಲ ಸೀಸನ್‌ನಲ್ಲೇ 86 ಕ್ಯಾಚ್ ಹಿಡಿದ. ಪಾಸ್ ಹಿಡಿಯುವ, ಎದುರಾಳಿಯನ್ನೂ ತಡೆಯುವ ಟೈಟ್ ಎಂಡ್ ಜಾಗದಲ್ಲಿ ಆವರೆಗೆ ಯಾವ ಹೊಸಬನೂ ಅಷ್ಟು ಹಿಡಿದಿರಲಿಲ್ಲ. ಗಿಬ್ಸ್ 2024ರಲ್ಲಿ 1,412 ಗಜ ಓಡಿ, ಒಟ್ಟು 20 ಟಚ್‌ಡೌನ್ ಗಳಿಸಿದ. ಈ ನಾಲ್ವರೂ ಹೊಸಬರಾಗಿದ್ದ ಸೀಸನ್‌ನಲ್ಲೇ, 2024ರ ಜನವರಿಯಲ್ಲಿ, ಲಯನ್ಸ್ ಪ್ಲೇಆಫ್ ಪಂದ್ಯ ಗೆದ್ದರು. ಅದಕ್ಕೆ ಹಿಂದಿನ ಪ್ಲೇಆಫ್ ಗೆಲುವು 1992ರ ಜನವರಿಯಲ್ಲಿ. ಒಂದಿಡೀ ತಲೆಮಾರು ಕಾದಿತ್ತು. ಆ ರಾತ್ರಿ ಈ ಊರಿನವರ ಮುಖ ನೋಡಿದವರಿಗೆ, ಏಪ್ರಿಲ್‌ನಲ್ಲಿ ಇವರು ಅಷ್ಟು ಯಾಕೆ ಒದ್ದಾಡುತ್ತಾರೆ ಅಂತ ಯಾರೂ ಹೇಳಿಕೊಡಬೇಕಿಲ್ಲ.

ಪಕ್ಕದ ಮನೆಯವರು ಇದಕ್ಕೂ ಉತ್ತರ ಇಟ್ಟುಕೊಂಡಿದ್ದಾರೆ. ಒಳ್ಳೆಯ ಉತ್ತರವೇ. "ಮ್ಯಾಟ್ ಮಿಲನ್ ಕಾಲ ಮರೆತುಬಿಟ್ಟೆಯಾ?" ಅನ್ನುತ್ತಾರೆ. ಮಿಲನ್ ತಂಡ ನಡೆಸುತ್ತಿದ್ದಾಗ 2003, 2004, 2005, ಮೂರು ವರ್ಷ ಸಾಲಾಗಿ ಲಯನ್ಸ್ ಮೊದಲ ಆಯ್ಕೆಯಲ್ಲಿ ಪಾಸ್ ಹಿಡಿಯುವ ರಿಸೀವರ್‌ಗಳನ್ನೇ ಆರಿಸಿದರು. ಚಾರ್ಲ್ಸ್ ರಾಜರ್ಸ್, ರಾಯ್ ವಿಲಿಯಮ್ಸ್, ಮೈಕ್ ವಿಲಿಯಮ್ಸ್. ಜಾಗ ನೋಡದೆ ಆರಿಸಿದ್ದಕ್ಕೇ ತಂಡ ಮುಳುಗಿತು, 2008ರಲ್ಲಿ 16ಕ್ಕೆ 16 ಪಂದ್ಯ ಸೋತಿತು ಅನ್ನುವುದು ಅವರ ವಾದ. ಆದರೆ 2005ನ್ನು ಸ್ವಲ್ಪ ಹತ್ತಿರದಿಂದ ನೋಡಿ. ಮೈಕ್ ವಿಲಿಯಮ್ಸ್ ಅದರ ಹಿಂದಿನ ಸೀಸನ್ ಪೂರ್ತಿ ಆಡಿಯೇ ಇರಲಿಲ್ಲ, ನಿಯಮದ ತೊಡಕಿನಲ್ಲಿ ಕಾಲೇಜೂ ಇಲ್ಲ, ಎನ್‌ಎಫ್‌ಎಲ್ಲೂ ಇಲ್ಲ ಎನ್ನುವಂತಾಗಿತ್ತು. ಅವನನ್ನು 10ರಲ್ಲಿ ತೆಗೆದುಕೊಂಡರು. 11ರಲ್ಲಿ ಡಲ್ಲಾಸ್ ಆರಿಸಿದ್ದು ಡಿಮಾರ್ಕಸ್ ವೇರ್‌ನನ್ನು. ವೇರ್ ಇವತ್ತು ಹಾಲ್ ಆಫ್ ಫೇಮ್‌ನಲ್ಲಿದ್ದಾನೆ. ಅಲ್ಲಿ ತಪ್ಪಿದ್ದು ಹುಡುಗನನ್ನು ಅಳೆಯುವುದರಲ್ಲಿ. ಒಳ್ಳೆಯವನನ್ನು ಆರಿಸಬೇಕೆಂಬ ನಿಯಮ ತಪ್ಪಾಗಲಿಲ್ಲ.

ಖಾಲಿ ಜಾಗದ ಹೆದರಿಕೆ ಎಷ್ಟು ದುಬಾರಿ ಅನ್ನುವುದಕ್ಕೆ ಸ್ಯಾನ್ ಫ್ರಾನ್ಸಿಸ್ಕೊ ಇದೆ. 2021ರಲ್ಲಿ ಅವರಿಗೆ ಪಾಸ್ ಎಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಬೇಕೇಬೇಕಿತ್ತು. ಮೂರು ವರ್ಷದ ಮೊದಲ ಸುತ್ತಿನ ಆಯ್ಕೆಗಳನ್ನು ಕೊಟ್ಟು 3ನೇ ಜಾಗಕ್ಕೆ ಏರಿ ಟ್ರೇ ಲ್ಯಾನ್ಸ್‌ನನ್ನು ತಂದರು. ಅವನು ಅಲ್ಲಿ ನೆಲೆ ನಿಲ್ಲಲಿಲ್ಲ. ಮರುವರ್ಷ ಕಟ್ಟಕಡೆಯ ಆಯ್ಕೆ, 262ನೆಯವನು, ಬ್ರಾಕ್ ಪರ್ಡಿ. ತಂಡವನ್ನು ಲೀಗ್‌ನ ಫೈನಲ್ ಆದ ಸೂಪರ್ ಬೌಲ್‌ಗೆ ಕರೆದೊಯ್ದದ್ದು ಅವನು. ಸಂಶೋಧಕ ಕೇಡ್ ಮಾಸೆ ಮತ್ತು ಅರ್ಥಶಾಸ್ತ್ರದಲ್ಲಿ ನೊಬೆಲ್ ಪಡೆದ ರಿಚರ್ಡ್ ಥೇಲರ್ ಇದನ್ನೇ ಲೆಕ್ಕ ಹಾಕಿ ತೋರಿಸಿದ್ದಾರೆ. ಒಂದೇ ಜಾಗದಲ್ಲಿ ಆಡುವ ಇಬ್ಬರು ಒಬ್ಬರ ಹಿಂದೊಬ್ಬರು ಆಯ್ಕೆಯಾದರೆ, ಮೊದಲು ಆಯ್ಕೆಯಾದವನೇ ಮುಂದೆ ಹೆಚ್ಚು ಚೆನ್ನಾಗಿ ಆಡುವ ಸಾಧ್ಯತೆ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಏರುವುದಕ್ಕೆ ತಂಡಗಳು ಅತಿಯಾಗಿ ಬೆಲೆ ತೆರುತ್ತವೆ. 6ರಿಂದ 12ಕ್ಕೆ ಇಳಿದು ಲಪೋರ್ಟಾನನ್ನೂ ಪಡೆದ ಹೋಮ್ಸ್ ಮಾಡಿದ್ದು ಅದರ ಉಲ್ಟಾ ಕೆಲಸ.

ಈಗ ನಮ್ಮ ಕಡೆಗೆ ಬನ್ನಿ. ಐಪಿಎಲ್‌ನಲ್ಲೂ ಒಮ್ಮೆ ಡ್ರಾಫ್ಟ್ ನಡೆದಿತ್ತು ಅನ್ನುವುದು ತುಂಬಾ ಜನಕ್ಕೆ ನೆನಪಿಲ್ಲ. 2008ರ ಮಾರ್ಚ್, ಅಂಡರ್-19 ವಿಶ್ವಕಪ್ ಗೆದ್ದ ಹುಡುಗರನ್ನು ತಂಡಗಳು ಹಂಚಿಕೊಂಡವು. ದೆಹಲಿ ತಂಡದಲ್ಲಿ ಸೆಹ್ವಾಗ್, ಗಂಭೀರ್ ಇದ್ದರು, ಬ್ಯಾಟಿಂಗ್ ತುಂಬಿತ್ತು. ಅವರಿಗೆ ಬೇಕಿದ್ದದ್ದು ಬೌಲರ್. ಹಾಗಾಗಿ ತಮ್ಮದೇ ಊರಿನ ಅಂಡರ್-19 ನಾಯಕನನ್ನು ಬಿಟ್ಟು ಪ್ರದೀಪ್ ಸಂಗ್ವಾನ್‌ನನ್ನು ಆರಿಸಿದರು. ಆ ನಾಯಕ ಬೆಂಗಳೂರಿಗೆ ಬಂದ. ವಿರಾಟ್ ಕೊಹ್ಲಿ. ಗ್ಯಾರೇಜಿನಲ್ಲಿ ನಾವು ಆಡುವ ಜಗಳಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಾ? ಕೊಹ್ಲಿ ಮೊದಲ ಸೀಸನ್‌ಗಳಲ್ಲಿ ಅಂಥಾ ರನ್ ಏನೂ ಹೊಡೆಯಲಿಲ್ಲ. ಆದರೂ ಬೆಂಗಳೂರು ಅವನನ್ನು ಉಳಿಸಿಕೊಂಡಿತು. 2025ರ ಜೂನ್ 3ರಂದು, 18ನೇ ಸೀಸನ್‌ನಲ್ಲಿ, ಕಪ್ ಬಂತು.

ಆದರೆ ಎಲ್ಲರಿಗೂ ಹಾಗಾಗುವುದಿಲ್ಲ. ದೇವದತ್ತ ಪಡಿಕ್ಕಲ್ ಕಥೆ ನೆನಸಿಕೊಂಡರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. ಬೆಂಗಳೂರಿನಲ್ಲಿ ಬೆಳೆದ ಹುಡುಗ. ಆರ್‌ಸಿಬಿ 20 ಲಕ್ಷಕ್ಕೆ ತಂದಿತು, ಒಂದು ವರ್ಷ ಬೆಂಚಿನಲ್ಲಿ ಕೂರಿಸಿ ತಯಾರು ಮಾಡಿತು. ಆಡಿದ ಮೊದಲ ಸೀಸನ್ 2020ರಲ್ಲಿ 473 ರನ್, ಮರುವರ್ಷ ಸೆಂಚುರಿ. ಆಮೇಲೆ, ತಂಡಗಳು ಕೆಲವರನ್ನಷ್ಟೇ ಉಳಿಸಿಕೊಂಡು ಮಿಕ್ಕವರನ್ನೆಲ್ಲ ಬಿಡಬೇಕಾದ 2022ರ ದೊಡ್ಡ ಹರಾಜು ಬಂತು, ರಾಜಸ್ಥಾನ 7.75 ಕೋಟಿಗೆ ಒಯ್ದಿತು. ಅಲ್ಲಿಂದ ಲಖನೌ. ಕೊನೆಗೆ 2 ಕೋಟಿಗೆ ಮತ್ತೆ ಬೆಂಗಳೂರಿಗೆ. ಬೆಳೆಯುವ ವಯಸ್ಸಿನಲ್ಲಿ ಹುಡುಗ ಊರೂರು ಅಲೆದ. ಗುರುತಿಸಿದವರಿಗೆ ಫಲ ಸಿಗಲಿಲ್ಲ. ಡ್ರಾಫ್ಟ್‌ನಲ್ಲಿ ಬಂದವನಿಗೆ ಇಲ್ಲಿ 4 ವರ್ಷದ ಒಪ್ಪಂದ ಇರುತ್ತದೆ. ಮೊದಲ ಸುತ್ತಿನವನಾದರೆ 5ನೇ ವರ್ಷಕ್ಕೂ ಉಳಿಸಿಕೊಳ್ಳುವ ಹಕ್ಕು ತಂಡಕ್ಕಿದೆ. 2021ರಲ್ಲಿ ಲಯನ್ಸ್‌ಗೆ 112ನೆಯವನಾಗಿ ಬಂದ ರಿಸೀವರ್ ಅಮಾನ್-ರಾ ಸೇಂಟ್ ಬ್ರೌನ್‌ನನ್ನು ನೋಡಿ. ತನಗಿಂತ ಮೊದಲು ಆಯ್ಕೆಯಾದ 16 ರಿಸೀವರ್‌ಗಳ ಹೆಸರನ್ನು ಅವನು ಸಾಲಾಗಿ ಬಾಯಿಪಾಠ ಹೇಳುತ್ತಾನೆ. ಆ ಛಲ ಇಟ್ಟುಕೊಂಡೇ ಒಂದೇ ಊರಿನಲ್ಲಿ ಬೆಳೆದ. 2024ರ ಏಪ್ರಿಲ್‌ನಲ್ಲಿ, ಡ್ರಾಫ್ಟ್ ಇದೇ ಡೆಟ್ರಾಯ್ಟ್‌ನಲ್ಲಿ ನಡೆದ ವಾರದಲ್ಲಿ, 12 ಕೋಟಿ ಡಾಲರ್‌ನ ಹೊಸ ಒಪ್ಪಂದಕ್ಕೆ ಸಹಿ ಹಾಕಿದ.

ನಮ್ಮೂರ ಹುಡುಗ ಅನ್ನುವ ಪ್ರಶ್ನೆಯೂ ಎರಡೂ ಕಡೆ ಇದೆ. ಜೆಡ್ಡಾದಲ್ಲಿ 2024ರ ನವೆಂಬರ್‌ನಲ್ಲಿ ಹರಾಜು ನಡೆದಾಗ ಬೆಂಗಳೂರಿನಿಂದ ನನ್ನ ಚಿಕ್ಕಪ್ಪನ ಮಗ ಫೋನ್ ಮಾಡಿದ್ದ. "ಅಣ್ಣಾ, ರಾಹುಲ್‌ನ ಬಿಟ್ಟೇಬಿಟ್ರು ನೋಡು" ಅಂತ. ದೆಹಲಿ 14 ಕೋಟಿಗೆ ಒಯ್ದಿತ್ತು. ಮುಂದಿನ ಏಪ್ರಿಲ್‌ನಲ್ಲಿ ಅದೇ ಕೆ.ಎಲ್. ರಾಹುಲ್ ಚಿನ್ನಸ್ವಾಮಿಯಲ್ಲಿ ಔಟಾಗದೆ 93 ಹೊಡೆದು, ಬ್ಯಾಟಿನಿಂದ ನೆಲದ ಮೇಲೆ ಗುಂಡಗೆ ಗೆರೆ ಎಳೆದು, ಇದು ನನ್ನ ಮೈದಾನ ಅಂದ. ನನ್ನ ತಮ್ಮನ ಬೇಸರ ನನಗೆ ಅರ್ಥವಾಗುತ್ತದೆ. ಇಲ್ಲಿ 2022ರಲ್ಲಿ ಲಯನ್ಸ್ 2ನೆಯವನಾಗಿ ಏಡನ್ ಹಚಿನ್ಸನ್‌ನನ್ನು ಆರಿಸಿದರು. ನಮ್ಮ ಪಕ್ಕದ ಪ್ಲಿಮತ್‌ನವನು, ಮಿಷಿಗನ್ ಯೂನಿವರ್ಸಿಟಿಯಲ್ಲಿ ಆಡಿದವನು, ಅವನ ಅಪ್ಪನೂ ಅಲ್ಲೇ ಆಡಿದವರು. ಊರೇ ಹಬ್ಬ ಮಾಡಿತು. ಆದರೆ ಅವನು ಬಂದದ್ದು ಊರಿನ ಹೆಸರಿನಿಂದಲ್ಲ. ಹಿಂದಿನ ಸೀಸನ್‌ನಲ್ಲಿ 14 ಸ್ಯಾಕ್ ಮಾಡಿ, ಅಂದರೆ ಎದುರಾಳಿ ಕ್ವಾರ್ಟರ್‌ಬ್ಯಾಕ್‌ನನ್ನು ಪಾಸ್ ಎಸೆಯುವ ಮೊದಲೇ ಕೆಡವಿ, ಕಾಲೇಜಿನ ದಾಖಲೆ ಮುರಿದಿದ್ದ. ಅದೇ ರಾಜ್ಯದ ಚಾರ್ಲ್ಸ್ ರಾಜರ್ಸ್‌ನನ್ನೂ 2ನೆಯವನಾಗಿಯೇ ತಂದಿದ್ದರು, ಅದು ಫಲಿಸಲಿಲ್ಲ. ನಮ್ಮವನು ಅನ್ನುವುದು ಪ್ರೀತಿಗೆ ಕಾರಣವಾಗಲಿ, ಆಯ್ಕೆಗೆ ಬೇಡ.

ಅಮೆರಿಕದ ಪದ್ಧತಿಯನ್ನು ಇದ್ದ ಹಾಗೇ ತರಬೇಕು ಅಂತ ನಾನು ಹೇಳುತ್ತಿಲ್ಲ. ಇದರಲ್ಲಿ ದೊಡ್ಡ ಅನ್ಯಾಯವೂ ಇದೆ. ಯಾವ ಊರಿಗೆ ಹೋಗಬೇಕು ಅನ್ನುವುದು ಹುಡುಗನ ಕೈಯಲ್ಲಿ ಇಲ್ಲ. ಕಾಲೇಜುಗಳು ಅವನ ಆಟದಿಂದ ಕೋಟಿಗಟ್ಟಲೆ ಗಳಿಸುತ್ತಿದ್ದರೂ, 2021ರ ತನಕ ಅವನು ತನ್ನದೇ ಹೆಸರಿನಿಂದ ದುಡ್ಡು ಮಾಡುವಂತಿರಲಿಲ್ಲ. ರನ್ನಿಂಗ್ ಬ್ಯಾಕ್‌ಗಳಿಗಂತೂ ಒಳ್ಳೆಯ ವರ್ಷಗಳೆಲ್ಲ ಮೊದಲ ಒಪ್ಪಂದದಲ್ಲೇ ಕಳೆದುಹೋಗುತ್ತವೆ. ಹರಾಜಿನಲ್ಲಿ ರಿಷಭ್ ಪಂತ್‌ಗೆ 27 ಕೋಟಿ ಸಿಕ್ಕಿತು, ಆಟಗಾರನಿಗೆ ತಕ್ಕ ಬೆಲೆ ಬಂತು. ಅದು ಒಳ್ಳೆಯದೇ.

ನಾನು ಕೇಳುವುದು ಒಂದೇ ಬದಲಾವಣೆ. 22 ವರ್ಷದೊಳಗೆ, ಭಾರತಕ್ಕೆ ಆಡುವ ಮೊದಲೇ ಒಂದು ತಂಡ ಕೊಂಡ ಹುಡುಗನನ್ನು 5 ವರ್ಷ ದೊಡ್ಡ ಹರಾಜಿನಿಂದ ಹೊರಗಿಡಿ. ಸಂಬಳ ವರ್ಷ ವರ್ಷ ಏರಲಿ. ಭಾರತಕ್ಕೆ ಆಡಿದರೆ ಇನ್ನೂ ಏರಲಿ. ತಂಡ ಅವನನ್ನು ಆಡಿಸದೆ ಸುಮ್ನೆ ಕೂರಿಸಿದರೆ, ಎರಡು ವರ್ಷದ ನಂತರ ಬಿಟ್ಟು ಹೋಗುವ ಹಕ್ಕು ಅವನಿಗಿರಲಿ. ಆಗ ಪ್ರತಿಭೆ ಹುಡುಕುವವರ ಕೆಲಸಕ್ಕೆ ಬೆಲೆ ಬರುತ್ತದೆ. ಮಹಾರಾಜ ಟ್ರೋಫಿಯಲ್ಲಿ ಹುಬ್ಬಳ್ಳಿಗೋ ಮೈಸೂರಿಗೋ ಆಡುವ 19ರ ಹುಡುಗನನ್ನು ನನ್ನ ತಮ್ಮನಂಥವರು ಗಮನವಿಟ್ಟು ನೋಡುತ್ತಾರೆ. ಶಾರ್ಟ್ ಬಾಲ್ ಹೇಗೆ ಆಡುತ್ತಾನೆ, ಎರಡನೇ ಸ್ಪೆಲ್‌ನಲ್ಲಿ ವೇಗ ಉಳಿಯುತ್ತಾ, ಒತ್ತಡ ಬಂದಾಗ ಏನು ಮಾಡುತ್ತಾನೆ ಅಂತ ಫೋನ್‌ನಲ್ಲಿ ವಾದಿಸುತ್ತಾರೆ. ಮುಂದಿನ ದೊಡ್ಡ ಹರಾಜಿನ ನಿಯಮ ಬರೆಯುವ ಮೊದಲೇ ಯಾವುದಾದರೂ ತಂಡ ಈ ಬೇಡಿಕೆ ಇಡಬೇಕು. ಬೆಂಗಳೂರೇ ಇಡಲಿ. ಪಡಿಕ್ಕಲ್‌ನನ್ನು 29 ಪಂದ್ಯ ಮುಗಿಯುವ ಹೊತ್ತಿಗೆಲ್ಲ ಕಳೆದುಕೊಂಡದ್ದು ಅವರೇ ಅಲ್ವಾ?