ಕಾಡುಪಾಪಕ್ಕೆ ವಿಷ ಇಲ್ಲ

ನಮ್ಮ ಬಡಾವಣೆಯ ವಾಟ್ಸಾಪ್ ಗುಂಪಿಗೆ ಮೊನ್ನೆ ನಾನೇ ಕಳಿಸಿದ ಒಂದು ಸಂದೇಶ ತಪ್ಪಾಗಿತ್ತು. ‘ಕಾಡುಪಾಪ ಕಚ್ಚಿದರೆ ವಿಷ ಏರುತ್ತದೆ, ಕಂಡರೆ ಓಡಿಸಿ’ ಅಂತ ಅದರಲ್ಲಿತ್ತು. ಜೊತೆಗೆ ಎರಡೂ ಕೈ ಎತ್ತಿ ಕೂತ ಪ್ರಾಣಿಯ ವಿಡಿಯೊ. ನೋಡಿ ಸುಮ್ನೆ ಮುಂದೆ ತಳ್ಳಿಬಿಟ್ಟೆ.

ವಿಡಿಯೊದಲ್ಲಿರುವುದು ನಮ್ಮ ಕಾಡುಪಾಪ ಅಲ್ಲ, ಅದರದೇ ಬಳಗದ ಇನ್ನೊಂದು ಪ್ರಾಣಿ, ಸ್ಲೋ ಲೋರಿಸ್. ಭಾರತದಲ್ಲಿ ಅದು ಇರುವುದು ಈಶಾನ್ಯ ರಾಜ್ಯಗಳಲ್ಲಿ. ಗುಂಡಗಿನ ಮೈ, ಒಂದು ಕಿಲೋಗಿಂತ ಜಾಸ್ತಿ ತೂಕ. ವಿಷ ಇರುವುದು ನಿಜ: ತೋಳಿನ ಗ್ರಂಥಿಯ ರಸವನ್ನು ನೆಕ್ಕಿ, ಎಂಜಲಿನ ಜೊತೆ ಸೇರಿಸಿ ಕಚ್ಚುತ್ತದೆ. ಕೈ ಎತ್ತುವುದು ಕಚಗುಳಿಗೋ ಖುಷಿಗೋ ಅಲ್ಲ, ಹೆದರಿಕೆಗೆ.

ತುಮಕೂರಿನ ನಾಗವಲ್ಲಿಯಲ್ಲಿ, ಬೆಂಗಳೂರಿನ ಕೆಲವು ಹಳೆಯ ಮರದ ತೋಪುಗಳಲ್ಲಿ ಇರುವ ಕಾಡುಪಾಪ ಬೇರೆಯೇ. ಕಡ್ಡಿಯಂಥ ಕೈಕಾಲು, ಬಾಲ ಇಲ್ಲ, ತೂಕ ಕಾಲು ಕಿಲೋ ಆಸುಪಾಸು. ರಾತ್ರಿ ಟಾರ್ಚ್ ಬಿಟ್ಟರೆ ಕೊಂಬೆಯ ಮೇಲೆ ಕೆಂಡದಂಥ ಎರಡು ಕಣ್ಣು, ಅಷ್ಟೇ. ಹುಳುಹುಪ್ಪಟೆ ತಿಂದುಕೊಂಡು ಇರುತ್ತದೆ. ವಿಷ ಇಲ್ಲ. ಹಿಡಿದರೆ ಕಚ್ಚಬಹುದು, ಅದು ಅಳಿಲೂ ಮಾಡುತ್ತೆ ಅಲ್ವಾ?

ಆ ಸಂದೇಶದಲ್ಲಿ ‘ಇದು ಅಳಿವಿನಂಚಿನಲ್ಲಿದೆ’ ಅಂತಲೂ ಬರೆದಿತ್ತು. ಯಾವ ಜೀವಿಗೆ ಎಷ್ಟು ಅಳಿವಿನ ಅಪಾಯ ಇದೆ ಎಂದು ಹೇಳುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್‌ನ ಕೆಂಪು ಪಟ್ಟಿಯಲ್ಲಿ ಈಶಾನ್ಯದ ಬಂಗಾಳ ಸ್ಲೋ ಲೋರಿಸ್ ಅಳಿವಿನ ಅಪಾಯದ ವರ್ಗದಲ್ಲಿದೆ. ನಮ್ಮ ಕಾಡುಪಾಪ ಅದಕ್ಕಿಂತ ಕೆಳಗೆ, ಅಪಾಯದ ಸಮೀಪ ಎನ್ನುವ ವರ್ಗದಲ್ಲಿ. ಹಾಗಂತ ನಿರಾಳ ಏನಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿ ಎರಡೂ ಇವೆ. ಹಿಡಿಯುವುದು, ಸಾಕುವುದು ಎರಡೂ ಅಪರಾಧ.

ಆ ಸಂದೇಶ ನಿಮ್ಮ ಹತ್ತಿರ ಇದ್ದರೆ ಅಳಿಸಿಬಿಡಿ, ಯಾರಿಗೂ ಕಳಿಸಬೇಡಿ. ನನ್ನಿಂದ ಅದನ್ನು ಪಡೆದು ಬೇರೆಯವರಿಗೆ ಕಳಿಸಿದ್ದರೆ, ಈ ತಿದ್ದುಪಡಿಯನ್ನು ಅವರಿಗೂ ದಾಟಿಸಿ.